ನೂರಕ್ಕೆ ಎಪ್ಪತ್ತೆರಡು

ಎಲ್ಲಿ ಕೂರಬೇಕೆಂದು ಅಂದು ಬೆಳಿಗ್ಗೆ ಸರೋಜವ್ವನಿಗೆ ಯಾರೂ ಹೇಳಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ಗಳಿಗೆಯಿಂದ ನಿನ್ನೆ ಗಣಾರಾಧನೆ ಮುಗಿಯುವವರೆಗೆ ಯಾರಾದರೊಬ್ಬರು ಹೇಳುತ್ತಲೇ ಇದ್ದರು. ಇಲ್ಲಿ ಕೂಡು, ಗೋಡೆಗೆ ಆನಬೇಡ, ಒಂದು ತುತ್ತು ತಿನ್ನು, ಅಳು, ಅತ್ತರೆ ಎದೆ ಹಗುರಾಗುತ್ತದೆ. ಅಳುವುದೊಂದನ್ನು ಬಿಟ್ಟು ಹೇಳಿದ್ದನ್ನೆಲ್ಲ ಅವಳು ಮಾಡಿದ್ದಳು. ನಿನ್ನೆ ಸಂಜೆ ಶಿಗ್ಗಾವಿಯ ನೆಂಟರು ಕೊನೆಯ ಮೋಟಾರು ಹಿಡಿದು ಹೋದ ಮೇಲೆ ಹಾನಗಲ್ಲಿನ ಆ ಬಾಡಿಗೆ ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ಹಾಲವ್ವ. ಹಾಲವ್ವ ಹಿತ್ತಲಲ್ಲಿ ನೆರೆಮನೆಗಳಿಂದ ತಂದ ದೊಡ್ಡ ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಆ ಸದ್ದು ಎಂದಿನದೇ ಆಗಿತ್ತು. ಬೀದಿಯಲ್ಲಿ ಮಜ್ಜಿಗೆ ಮಾರುವವಳು ಕೂಗುತ್ತ ಬಂದಳು. ಈ ಮನೆಯ ಮುಂದೆ ದನಿ ತಗ್ಗಿಸಿ, ದಾಟಿದ ಮೇಲೆ ಮತ್ತೆ ಏರಿಸಿದಳು. ಸರೋಜವ್ವ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಕಿಟಕಿಯ ಕೆಳಗಿನ ಮೇಜಿಗೆ ಹೋಗಿ, ಗಂಡನ ಕುರ್ಚಿಯಲ್ಲಲ್ಲ, ತಾನು ಯಾವಾಗಲೂ ಕೂರುತ್ತಿದ್ದ ಸ್ಟೂಲಿನ ಮೇಲೆ ಕುಳಿತಳು. ಬಳೆಯಿಲ್ಲದ ಕೈಯನ್ನು ಮೇಜಿನ ಮೇಲೆ ಇಟ್ಟಾಗ ಸದ್ದಾಗಲಿಲ್ಲ. ಸದ್ದಾಗಲಿಲ್ಲವಲ್ಲ ಎಂದು ಮತ್ತೊಮ್ಮೆ ಎತ್ತಿ ಇಟ್ಟಳು.

ಆರು, ಎರಡು, ಒಂಬತ್ತು, ನಾಲ್ಕು. ವಿಷಮಜ್ವರ ಏರಿದ ಮಧ್ಯಾಹ್ನಗಳಲ್ಲಿ ಚನ್ನವೀರಪ್ಪ ಬಡಬಡಿಸುತ್ತಿದ್ದದ್ದು ಇದನ್ನೇ. ಬೇರೆಯವರ ಗಂಡಂದಿರು ಜ್ವರದಲ್ಲಿ ತಾಯಿಯನ್ನು ಕರೆಯುತ್ತಾರೆ, ದೇವರನ್ನು ಕರೆಯುತ್ತಾರೆ. ಇವನು ಶಾಲೆಯ ಮಕ್ಕಳಿಗೆ ಕೇಳುವ ಪ್ರಶ್ನೆಗಳನ್ನು ಕೇಳುತ್ತಿದ್ದ. ನಾಲ್ಕು ಅಂಕಿ ಹೇಳಿ, ಹಿಂದಿನಿಂದ ಹೇಳು ಎಂದು ಅವಳ ಮುಖ ನೋಡುತ್ತಿದ್ದ. ಅವಳ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. "ಈಗ ಬ್ಯಾಡ, ಕಣ್ಣು ಮುಚ್ಚರಿ" ಎಂದಿದ್ದಳು. ಅವನು ಮಕ್ಕಳಿಗಾಗಿ ಕಾಯುವಂತೆ ತಾಳ್ಮೆಯಿಂದ ಕಾದು, ಕೊನೆಗೆ ಹೊದಿಕೆಯ ಮೇಲೆ ಬೆರಳಿನಿಂದ ಏನೋ ಗೀಚಿದ. ತಪ್ಪು ಎಂದೋ, ಉತ್ತರವಿಲ್ಲ ಎಂದೋ. ನಾಲ್ಕು, ಒಂಬತ್ತು, ಎರಡು, ಆರು, ಎಂದು ಅವಳು ಈಗ ಹೇಳಿದಳು. ಎಷ್ಟು ಸುಲಭವಾಗಿತ್ತು. ಕಾಲೇಜು ಓದಿದವಳಿಗೆ ಎಷ್ಟು ಸುಲಭವಾಗಿತ್ತು.

"ಬಾಯಾರ, ನಾನ್ರಿ, ಮಜೀದ."

ಕಚೇರಿಯ ಪಟ್ಟೇವಾಲಾ ಅಂಗಳದಲ್ಲಿ ನಿಂತಿದ್ದ. ಚನ್ನವೀರಪ್ಪ ಶಾಲೆಗಳ ತಪಾಸಣೆಗೆ ಹೊರಟಾಗ ಸೈಕಲ್ಲಿಗೆ ಚೀಲ ಕಟ್ಟಿ ಕಳಿಸುತ್ತಿದ್ದವನು ಅವನೇ; ಹಿಂದಿನ ವಾರ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಇವತ್ತು ಅವಳತ್ತ ನೋಡದೆ ಹೊಸ್ತಿಲನ್ನು ನೋಡಿ ಮಾತಾಡಿದ.

"ಹೇಳೂ ಹೊತ್ತಲ್ಲರಿ ಇದು. ಹೇಳದ ಇರಾಕೂ ಬರಂಗಿಲ್ಲ. ಸೋಮವಾರ ಹೊಸಾ ಸಾಹೇಬ್ರು ಬರ್ತಾರ. ನಮ್ಮ ಸಾಹೇಬ್ರು ಮಾಡ್ತಿದ್ದ ಆ ಹುಡುಗೂರ ಯಾದಿ ಕೇಳ್ಯಾರಂತ. ನಾಳೆ ಮುಂಜಾನೆ ಬಂದು ಒಯ್ತೇನ್ರಿ."

"ಏನ ಮಾಡ್ತಾರ ಅದನ್ನ ಇಟಗೊಂಡು?"

"ಎಪ್ಪತ್ತೈದರ ಕೆಳಗ ಬಂದವ್ರ ಹೆಸರು ಶಾಲಿಯಿಂದ ಕಡಮಿ ಮಾಡ್ತಾರಂತ್ರಿ. ದಡ್ಡರಿಗೆ ಜಾಗ ಯಾಕ ಅಂತ. ತೊಂಬತ್ತರ ಮ್ಯಾಲ ಬಂದ ಒಬ್ಬ ಹುಡುಗೀನ ಧಾರವಾಡದಾಗ ಇಟ್ಟು ಓದಸ್ತಾರಂತ." ಮಜೀದ ಹೋಗುವವನಂತೆ ತಿರುಗಿ ಮತ್ತೆ ನಿಂತ. "ನನ್ನ ಮಗಂದೂ ಅದರಾಗ ಐತಲ್ರಿ. ಎಷ್ಟು ಬಂದೈತಿ?" ಅವಳು ಮೇಜಿನ ಮೇಲಿದ್ದ ಯಾದಿಯ ಹಾಳೆಗೆ ಕೈ ಹಾಕುವಷ್ಟರಲ್ಲಿ ಎರಡೂ ಕೈ ಆಡಿಸಿದ. "ಬ್ಯಾಡ, ಬ್ಯಾಡ ಬಿಡ್ರಿ ಬಾಯಾರ. ಈಗ ಅವ ನನ್ನ ಕಣ್ಣಿಗೆ ಶಾಣ್ಯಾ ಕಾಣ್ತಾನ. ಹಂಗ ಇರ್ಲಿ."

ಅವನು ಹೋದ ಮೇಲೆ ಅವಳು ಹಾಳೆಗಳನ್ನು ಮುಂದೆ ಎಳೆದುಕೊಂಡಳು. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು, ಅಪ್ಪಣೆ ಪಡೆದು ನವಾಬರ ಸವಣೂರು. ಸೈಕಲ್ ತುಳಿದು ಹೋದ ಊರುಗಳೆಲ್ಲ ಅವಳ ಕೈಬರಹದಲ್ಲಿ ಸಾಲಾಗಿ ನಿಂತಿದ್ದವು. ಬುದ್ಧಿ ಅಳೆಯುವ ವಿಲಾಯಿತಿಯ ಪ್ರಶ್ನೆಗಳನ್ನು ಧಾರವಾಡದ ಯಾರೋ ಕನ್ನಡಕ್ಕೆ ತಿರುಗಿಸಿದ್ದರು. ಮಗುವನ್ನು ಒಂಟಿಯಾಗಿ ಕೂರಿಸಿ ಕೇಳಬೇಕು. ಎಂಟು ವರ್ಷದ ಮಗು ಹೇಳಬಹುದಾದಷ್ಟನ್ನು ಹೇಳಿದರೆ ಅದರ ಬುದ್ಧಿಗೆ ಎಂಟು ವರ್ಷ. ಆ ಬುದ್ಧಿಯ ವಯಸ್ಸನ್ನು ಹುಟ್ಟಿದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬಂದದ್ದು ಮಗುವಿನ ಅಂಕ. ಎರಡೂ ವಯಸ್ಸು ಸಮನಾದರೆ ನೂರು. ಕೇಳುವುದು ಚನ್ನವೀರಪ್ಪನ ಕೆಲಸ, ಭಾಗಿಸುವುದು ಇವಳದು. ಗಣಿತ ಓದಿ ಬಿ.ಎ. ಆದ ಹೆಣ್ಣಿಗೆ ಒಲೆಯ ಮುಂದೆ ಏನು ಕೆಲಸ ಎಂದು ಎರಡೂ ಕಡೆಯವರು ನಗುತ್ತಿದ್ದಾಗ, ಇದು ಕೆಲಸ ಎಂದು ಅವನು ಈ ಮೇಜನ್ನು ತಂದು ಹಾಕಿದ್ದ. ಸಂಜೆ ಧೂಳು ಮೆತ್ತಿದ ಕಾಲು ತೊಳೆದು ಬಂದು ಉತ್ತರಗಳನ್ನು ಓದುತ್ತಿದ್ದ, ಅವಳು ಸರಿಯುತ್ತರಗಳ ಪುಸ್ತಕ ನೋಡಿ ಸರಿ ತಪ್ಪು ಹಾಕುತ್ತಿದ್ದಳು. ಮದುವೆಯಾದ ಮೇಲೆ ಅವರಿಬ್ಬರೂ ಒಟ್ಟಿಗೆ ಜೋರಾಗಿ ನಕ್ಕದ್ದು ಈ ಮೇಜಿನ ಮುಂದೆಯೇ. ಮಕ್ಕಳ ಹೆಸರು, ವಯಸ್ಸು ಬರೆದಿಡುವ ಶಾಲೆಯ ಪಟದಲ್ಲಿ ಎಲ್ಲರ ಜನ್ಮದಿನವೂ ಜೂನ್ ಒಂದು. "ಈ ತಾಲೂಕಿನ ಹೆಂಗಸ್ರು ಎಲ್ಲಾರೂ ಕೂಡಿ ಒಂದ ದಿನ ಹಡೀತಾರ ನೋಡು" ಎಂದಿದ್ದ ಅವನು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು, ನಕ್ಕು ಕಣ್ಣೊರೆಸಿಕೊಂಡು, ದಶಾಂಶದ ಎರಡನೆಯ ಸ್ಥಾನದವರೆಗೆ ಭಾಗಿಸಿದ್ದಳು. ತಿಂಗಳೆರಡು ತಿಂಗಳ ಹೆಚ್ಚುಕಡಿಮೆ ಸರಾಸರಿಯಲ್ಲಿ ಸರಿಹೋಗುತ್ತದೆ ಎಂದು ಇಬ್ಬರೂ ನಂಬಿದ್ದರು.

ಅಕ್ಕಿಆಲೂರಿನ ಹಾಳೆಯಲ್ಲಿ ಅವಳ ಬೆರಳು ನಿಂತಿತು. ಮಾದೇವಿ, ನಾಲ್ಕನೆಯ ಇಯತ್ತೆ. ಹುಟ್ಟಿದ ವಯಸ್ಸು ಹನ್ನೊಂದು ವರ್ಷ ಒಂದು ತಿಂಗಳು. ಬುದ್ಧಿಯ ವಯಸ್ಸು ಎಂಟು. ಅಂಕ ಎಪ್ಪತ್ತೆರಡು. ಷರಾ: ಮಂದ. ಆ 'ಮಂದ' ತನ್ನ ಕೈಯಲ್ಲೇ ಎಷ್ಟು ದುಂಡಗೆ ಬಂದಿದೆ. ಮನೆಗೆ ಬೆಂಕಿ ಬಿದ್ದರೆ ಏನು ಮಾಡುತ್ತಿ ಎಂದು ಕೇಳಿದಾಗ ಈ ಹುಡುಗಿ, "ಎಮ್ಮಿ ಬಿಚ್ಚತೇನಿ" ಎಂದಿದ್ದಳಂತೆ. ನೀರು ಹಾಕುವುದು, ಜನರನ್ನು ಕೂಗುವುದು, ಓಡಿಹೋಗುವುದು, ಇವು ಸರಿ ಎಂದು ಪುಸ್ತಕದಲ್ಲಿತ್ತು. ಎಮ್ಮೆ ಇರಲಿಲ್ಲ. "ಏನ ಹಾಕೂಣು?" ಎಂದು ಕೇಳಿದ್ದ ಚನ್ನವೀರಪ್ಪ. "ಪುಸ್ತಕದಾಗ ಇಲ್ಲಲ್ರಿ" ಎಂದು ಅವಳು ಸೊನ್ನೆ ಹಾಕಿದ್ದಳು. ತನ್ನ ಮನೆಗೆ ಬೆಂಕಿ ಬಿದ್ದಾಗ ತಾನೇನು ಮಾಡಿದೆ? ನಾಡಿ ಎಣಿಸಿದೆ. ಡಾಕ್ಟರು ಹೇಳಿದ್ದರು, ಎಣಿಸಿ ಬರೆದಿಡು ಎಂದು. ಕೊನೆಯವರೆಗೂ ಎಣಿಸಿ ಬರೆದಿಟ್ಟೆ.

ಆಮೇಲೊಂದು ದಿನ ಅಕ್ಕಿಆಲೂರಿನಿಂದ ಅವನು ಬಗಲಲ್ಲಿ ಒಂದು ಅಳಗುಳಿ ಮಣೆ ಇಟ್ಟುಕೊಂಡು ಬಂದಿದ್ದ. ಎರಡು ಸಾಲು ಗುಳಿ ಕೊರೆದ, ಹೆಣ್ಣುಮಕ್ಕಳು ಹುಣಸೆಬೀಜ ಹಾಕಿ ಆಡುವ ಹಳೆಯ ಮಣೆ. ಬೀಜಗಳನ್ನು ತನ್ನ ಕರವಸ್ತ್ರದಲ್ಲಿ ಗಂಟು ಕಟ್ಟಿದ್ದ. ಆಗಿದ್ದಿಷ್ಟು. ಮೊದಲ ಸಲದ ಲೆಕ್ಕವಾದ ಮೇಲೆ ಏನೋ ಕಾರಣಕ್ಕೆ ಆ ಊರಿಗೆ ಮತ್ತೆ ಹೋದಾಗ ಗುದ್ಲೆಪ್ಪ ಮಾಸ್ತರು ಇವನ ಕೈಯ ಕಾಗದವನ್ನು ಬಗ್ಗಿ ನೋಡಿ, ಆ ಹುಡುಗಿಯ ಅಜ್ಜಿಗೆ ಕೂಗಿ ಹೇಳಿಬಿಟ್ಟಿದ್ದರು: ನಿನ್ನ ಮೊಮ್ಮಗಳಿಗೆ ಎಪ್ಪತ್ತೆರಡು. ನೂರಕ್ಕೆ ಎಪ್ಪತ್ತೆರಡು ಎಂದು ಮುದುಕಿ ತಿಳಿದಳು. ಮಾಸ್ತರರೂ ಹಾಗೇ ತಿಳಿದಿದ್ದರು. ಅವರ ಶಾಲೆಯಲ್ಲಿ ಯಾರಿಗೂ ನೂರಕ್ಕೆ ಎಪ್ಪತ್ತೆರಡು ಬಂದದ್ದಿಲ್ಲ. ಮುದುಕಿ ಇವನನ್ನು ಮನೆಗೆ ಕರೆದೊಯ್ದು ಕೈಯಾರೆ ಬಾಯಿಗೆ ಸಕ್ಕರೆ ಹಾಕಿದಳು. ಇದನ್ನು ಹೇಳುತ್ತ ಅವನು ಮೊದಲು ನಕ್ಕ, ಅವಳೂ ನಕ್ಕಳು, ಆಮೇಲೆ ಅವನು ನಗುವುದನ್ನು ಬಿಟ್ಟು ಮಣೆಯನ್ನು ಮೇಜಿನ ಮೇಲೆ ಇಟ್ಟ.

"ನೀವು ಹೇಳಬೇಕಿತ್ತಲ್ಲ, ಇದು ಆ ಲೆಕ್ಕ ಅಲ್ಲ ಅಂತ."

"ಬಾಯಾಗ ಸಕ್ರಿ ಇತ್ತು" ಎಂದ. ಮಣೆಯನ್ನು ತೋರಿಸಿ, "ಆ ಹುಡುಗಿ ಅಳಗುಳಿಯಾಗ ನನ್ನನ್ನ ಸೋಲಿಸಿದ್ಲು, ಸರೋಜಾ. ಕೈಯಾಗಿನ ಬೀಜ ಹಾಕೂಕಿಂತ ಮೊದ್ಲ ಎಲ್ಲಿ ಮುಗೀತಾವ ಅಂತ ಆಕಿಗೆ ಗೊತ್ತಿರ್ತೈತಿ. ನಿನ್ನ ಎಪ್ಪತ್ತೆರಡರಾಗ ಏನೋ ತಪ್ಪೈತಿ. ಇನ್ನೊಮ್ಮೆ ನೋಡು."

ನಿನ್ನ ಎಪ್ಪತ್ತೆರಡು ಎಂದಿದ್ದ. ಅವಳು ಹಾಳೆ ತೆಗೆದು ಅವನ ಎದುರಿಗೇ ಇನ್ನೊಮ್ಮೆ ಭಾಗಿಸಿ ತೋರಿಸಿದಳು. "ನನ್ನ ಭಾಗಾಕಾರದಾಗ ತಪ್ಪು ಬರಂಗಿಲ್ಲ" ಎಂದಳು. ಅವನು ಒಪ್ಪಿಕೊಂಡ. ಈ ಮಣೆಯಿಂದಲೇ ಒಂದು ಪರೀಕ್ಷೆ ಮಾಡಿ ನೋಡಬೇಕು ಎಂದು ಗೊಣಗಿ ಅದನ್ನು ಪೆಟ್ಟಿಗೆಯೊಳಗಿಟ್ಟ. ಅದು ಶ್ರಾವಣ. ಈಗ ಸುಗ್ಗಿ.

ಅವಳು ಪೆಟ್ಟಿಗೆ ತೆರೆದು ಮಣೆಯನ್ನು ಹೊರಗೆ ತೆಗೆದಾಗ ಹಾಲವ್ವ ಒದ್ದೆ ಕೈಯಲ್ಲೇ ಬಂದು ನಿಂತಳು.

"ಯಾರ್ದವಾ ಅದು?"

"ಅಕ್ಕಿಆಲೂರಾಗ ಒಬ್ಬ ಅಜ್ಜೀದು. ಇವರು ಕೇಳಿ ತಂದಿದ್ರು."

ಹಾಲವ್ವ ಕೆಳಗೆ ಕುಳಿತು ಮಣೆಯ ಗುಳಿಗಳ ಮೇಲೆ ಕೈಯಾಡಿಸಿದಳು. "ತಂದಾವ ಹೋದ, ತಂದದ್ದು ಉಳೀತು" ಎಂದಳು. ಆಮೇಲೆ ದನಿ ಗಟ್ಟಿಮಾಡಿಕೊಂಡಳು. "ಸತ್ತವರ ಕೈಗಡ ಮನ್ಯಾಗ ಇರಬಾರ್ದು. ಅದರ ಎಳತಕ್ಕ ಜೀವ ಹಿಂದ ತಿರುಗಿ ನೋಡ್ತೈತಿ. ಮಜೀದನ ಕೈಯಾಗ ಕೊಟ್ಟು ಕಳಸು."

"ನಾನ ಹೋಗಿ ಕೊಟ್ಟು ಬರ್ತೇನಿ, ಅತ್ತಿ."

"ನೀನ? ಮಣ್ಣಾಗಿ ತಿಂಗಳಾಗಿಲ್ಲ, ಹೊಸ್ತಲ ದಾಟ್ತೀಯೇನ?" ಸೊಸೆ ಮಣೆಯನ್ನು ಎತ್ತಿಕೊಂಡಳು. ಹಾಲವ್ವ ಅವಳ ಒಣಗಿದ ಕಣ್ಣನ್ನು ನೋಡಿದಳು. "ಹೋಗು. ಊರು ಏನಾರ ಅನ್ಲಿ, ನಾ ಅನ್ನಂಗಿಲ್ಲ."

ಮೋಟಾರು ನಿಲ್ಲುವ ಕಟ್ಟೆಯ ಬಳಿ ಅವಳೇ ಮೊದಲಿಗಳು. ಕಾಲು ಎತ್ತಿ ಮೆಟ್ಟಿಲ ಮೇಲೆ ಇಡುವಷ್ಟರಲ್ಲಿ ಕಂಡಕ್ಟರು ಕೈ ಅಡ್ಡ ಹಿಡಿದ. ಸಿಟ್ಟಿನಿಂದಲ್ಲ. ಬೇಕಾದರೆ ನಾಚಿಕೆಯಿಂದ ಎನ್ನಬಹುದು. "ಅಕ್ಕಾರ, ಸ್ವಲ್ಪ ತಡೀರಿ. ಯಾರರ ಒಬ್ರು ಹತ್ತಲಿ. ಮುಂಜಾನೆ ಬೋಣಿಗಿ." ಅವಳು ಇಳಿದು ನಿಂತಳು. ಅವಳ ಹಣೆಯನ್ನು ನೋಡಲು ಅವನಿಗೆ ಒಂದು ಗಳಿಗೆಯೂ ಬೇಕಾಗಿರಲಿಲ್ಲ. ಪ್ರಶ್ನೆ ಕೇಳಲಿಲ್ಲ, ಉತ್ತರಕ್ಕೆ ಕಾಯಲಿಲ್ಲ, ಅಂಕ ಹಾಕಿ ಮುಗಿಸಿದ. ಅವಳಿಗೆ ಅವಮಾನವಾಗಬೇಕಿತ್ತು, ಆಗುತ್ತಿಲ್ಲ ಎನ್ನುವುದನ್ನು ಅವಳು ಹೊರಗೆ ನಿಂತವಳಂತೆ ಗಮನಿಸಿದಳು. ಕೊನೆಗೆ ಕೋಳಿ ಹಿಡಿದವನೊಬ್ಬ ಬಂದು ಹತ್ತಿದ. ಅವನಿಗಿಂತ ಮುಂಚೆ ಕೋಳಿ ಹತ್ತಿತು. ಆಮೇಲೆ ಅವಳು. ಪಕ್ಕದ ಜಾಗ ಅಕ್ಕಿಆಲೂರು ಬರುವವರೆಗೂ ಖಾಲಿ ಉಳಿಯಿತು; ಅಲ್ಲಿ ಅವಳು ಮಣೆಯನ್ನು ಇಟ್ಟಳು. ದಾರಿಯ ಎರಡೂ ಕಡೆ ಭತ್ತದ ಗದ್ದೆ ಕೊಯ್ದು ಬೋಳಾಗಿದ್ದವು. ಹೇಳಬೇಕಾದ್ದನ್ನು ಅವಳು ಮನಸ್ಸಿನಲ್ಲಿ ಜೋಡಿಸಿಕೊಂಡಳು. ಎಪ್ಪತ್ತೆರಡು ಎಂದರೆ ನೀವು ತಿಳಿದದ್ದಲ್ಲ. ಸೋಮವಾರ ನಿಮ್ಮ ಹುಡುಗಿಯ ಹೆಸರು ಶಾಲೆಯಿಂದ ತೆಗೆಯುತ್ತಾರೆ. ಮಾಸ್ತರು ಓದಿ ಹೇಳುವ ಮುಂಚೆ ನಾನೇ ಹೇಳಲು ಬಂದೆ. ಹೇಳಿದರೆ ಏನು ಸುಖ, ಯಾರಿಗೆ ಸುಖ ಎಂಬುದು ಅವಳಿಗೆ ಹೊಳೆಯಲಿಲ್ಲ. ಗಂಡ ಹೇಳದೆ ಬಿಟ್ಟದ್ದು ಅದು. ಅದೂ ಕೈಗಡವೇ.

ಮಾದೇವಿಯ ಅಜ್ಜಿ ಫಕ್ಕೀರವ್ವನ ಮನೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಮುದುಕಿ ಮೊರದಲ್ಲಿ ನುಚ್ಚು ಕೇರುತ್ತಿದ್ದಳು. ಮಣೆಯನ್ನು ನೋಡಿದಳು, ಮಣೆ ಹಿಡಿದವಳ ಹಣೆಯನ್ನು ನೋಡಿದಳು, ಮೊರ ಕೆಳಗಿಟ್ಟು ಎದ್ದು ಬಂದು ಸರೋಜವ್ವನ ಎರಡೂ ಮುಂಗೈ ಹಿಡಿದುಕೊಂಡಳು.

"ಬಾರವ್ವಾ ನನ್ನ ತಾಯಿ. ಸಂತ್ಯಾಗ ಕೇಳಿದ್ನಿ, ನಂಬಲಿಲ್ಲ. ಎಂಥಾ ದೇವರಂಥಾ ಸಾಹೇಬ್ರು. ನನ್ನಂಥ ಹಣ್ಣುಮುದುಕಿನ್ನ ಬಿಟ್ಟು ಅವರನ್ನ ಕರಕೊಂಡ್ನಲ್ಲ, ಆ ಶಿವಗ ಲೆಕ್ಕ ಬರಂಗಿಲ್ಲ ಬಿಡವ್ವಾ." ಒಳಗೆ ಕಂಬಳಿ ಹಾಸಿ ಕೂರಿಸಿದಳು. ಕಣ್ಣು ಮೂಗು ಒರೆಸಿಕೊಂಡು, ಅದೇ ಉಸಿರಿನಲ್ಲಿ, "ಏ ಮಾದೇವಿ! ಎಲ್ಲಿ ಸತ್ತೀ? ಸಾಹೇಬ್ರ ಮನೆಯವ್ರು ಬಂದಾರ, ಬಾ ಇಲ್ಲೆ" ಎಂದು ಹಿತ್ತಲಿಗೆ ಕೂಗಿದಳು.

ಹುಡುಗಿ ಬಂದು ಕಂಬಕ್ಕೆ ಅಂಟಿ ನಿಂತಳು. ಉದ್ದ ಕೈಕಾಲು, ಎಣ್ಣೆ ಕಾಣದ ಜಡೆ, ಮುಂದಿನ ಹಲ್ಲುಗಳು ಈಗಷ್ಟೇ ಪೂರ್ತಿ ಬಂದಿದ್ದವು. ಎಮ್ಮೆಯ ವಾಸನೆ ಅವಳ ಜೊತೆಗೇ ಒಳಗೆ ಬಂತು. ಹಾಳೆಯ ಮೇಲೆ ದುಂಡಗೆ ಬರೆದ ಹೆಸರಿಗೆ ಇಷ್ಟು ಉದ್ದ ಕೈಗಳಿರಬಹುದೆಂದು ಸರೋಜವ್ವ ಎಣಿಸಿರಲಿಲ್ಲ.

"ಇದರ ಸೋದರತ್ತಿ ರಟ್ಟೀಹಳ್ಳಿಯಾಗ ಅದಾಳ" ಎಂದಳು ಫಕ್ಕೀರವ್ವ. "ತನ್ನ ಮಗಗ ತಗೋತೇನಿ, ಈ ಯುಗಾದಿಗೆ ಮದಿವಿ ಅಕ್ಕಿಕಾಳು ಹಾಕೇಬಿಡೂಣು ಅಂತ ಹಟ ಹಿಡದಿದ್ಲು. ನಾನೂ ಹೂಂ ಅಂದಿದ್ನಿ. ತಾಯಿ ಇಲ್ಲದ ಕೂಸು, ಎಷ್ಟು ದಿನಾ ಕಾಯ್ಲಿ? ಸಾಹೇಬ್ರು ಬಂದು ನೂರಕ್ಕ ಎಪ್ಪತ್ತೆರಡು ಅಂದ ಮ್ಯಾಲ ಹೇಳಿಕಳಿಸಿದ್ನಿ. ನಿನ್ನ ಮಗಾ ಎರಡನೇ ಇಯತ್ತ್ಯಾಗ ಮೂರು ವರ್ಷ ಕುಂತಾನ, ನನ್ನ ಹುಡುಗಿಗೆ ನೂರಕ್ಕ ಎಪ್ಪತ್ತೆರಡು. ಮೊದ್ಲ ಅವಗ ಎಪ್ಪತ್ತೆರಡು ಬರಲಿ, ಆಮ್ಯಾಲ ಅಕ್ಕಿಕಾಳು!" ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಸಾವಿನ ಮನೆಯವಳ ಮುಂದೆ ನಕ್ಕೆನಲ್ಲ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು ಸರೋಜವ್ವ ಹುಡುಗಿಯನ್ನೇ ನೋಡಿದಳು. ಹಾಗಾದರೆ ಸೋಮವಾರ ಹೋಗುವುದು ಶಾಲೆಯೊಂದೇ ಅಲ್ಲ. ಹೆಸರು ಹೋದ ಸುದ್ದಿ ಮುಂದಿನ ಸಂತೆಯಲ್ಲಿ ರಟ್ಟೀಹಳ್ಳಿ ಮುಟ್ಟುತ್ತದೆ, ಯುಗಾದಿಗೆ ಅಕ್ಕಿಕಾಳು. ಏನಾದರೂ ಹೇಳಬೇಕೆಂದು, "ಬಾಳ ಎತ್ತರ ಅದಾಳ ಹುಡುಗಿ" ಎಂದಳು.

"ಹುಟ್ಟಿದಾಗಿಂದೂ ಹಂಗ. ಅದಕ್ಕ ಲಗೂನ ಸಾಲಿಗೆ ಹಾಕಿದ್ನಿ. ನಾ ಕೂಲಿಗೆ ಹೋದ್ರ ಇದನ್ನ ಯಾರು ನೋಡ್ಕೋಬೇಕು? ಗುದ್ಲೆಪ್ಪ ಮಾಸ್ತರ ಅಂದ್ರು, ಆರು ವರ್ಷ ತುಂಬಿರಬೇಕು, ತಲೀ ಮ್ಯಾಲಿಂದ ಬಲಗೈ ಹಾಕಿ ಎಡಗಿವಿ ಮುಟ್ಟಸು, ಮುಟ್ಟಿದ್ರ ಆರು ತುಂಬೇತಿ ಅಂತ ಬರೀತೇನಿ. ಕೈ ಮುಟ್ಟವಲ್ತು. ನಾ ಹಿಂದ ನಿಂತು, ಏ ಕುತ್ತಿಗಿ ವಾಲಸ, ವಾಲಸ ಅಂದ್ನಿ. ಇದು ಪೂರಾ ಹೆಗಲಿಗೆ ವಾಲಿಸಿಬಿಡ್ತು. ಮಾಸ್ತರ ಗ್ವಾಡಿ ಕಡೆ ನೋಡ್ಯಾರ! ಅವರಿಗೂ ಬೇಕಾಗಿತ್ತು. ಸಾಲ್ಯಾಗ ಹೆಣ್ಣುಹುಡುಗ್ರು ಕಡಮಿ ಇದ್ರ ಮ್ಯಾಲಿನವ್ರು ಬೈತಿದ್ರಂತ. ಎಲ್ಲಾ ಹೆಣ್ಣುಹುಡುಗ್ರನ್ನೂ ಹಂಗ ಅಲ್ಲೇನ್ರಿ ಹಾಕ್ಕೊಂಡದ್ದು."

"ಹಂಗಾರ ಆಗ ಎಷ್ಟು ವರ್ಷ ಇದ್ದಾಳು?"

"ಯಾರಿಗೆ ಗೊತ್ತವ್ವಾ? ಉಪ್ಪಿನ ಗಲಾಟಿ ಆತಲ್ಲ, ಹುಡುಗ್ರೆಲ್ಲಾ ಜೇಲಿಗೆ ಹೋದ್ರಲ್ಲ, ಆ ಬ್ಯಾಸಿಗ್ಯಾಗ ಹುಟ್ಟಿದ್ದು. ಹಡದಾಕಿಗೆ ಕುಡಿಯಾಕ ನೀರು ತರಾಕ ಹೋದ್ರ ಬಾವಿ ತಳಾ ಕಾಣ್ತಿತ್ತು."

ಅವಳು ಕೇಳದಿದ್ದರೂ ಲೆಕ್ಕ ತಾನಾಗಿ ನಡೆಯಿತು. ಉಪ್ಪಿನ ಬೇಸಿಗೆಯಿಂದ ಪರೀಕ್ಷೆಯ ದಿನದವರೆಗೆ ಒಂಬತ್ತು ವರ್ಷ ಮೂರು ತಿಂಗಳು. ಹನ್ನೊಂದಲ್ಲ. ಎಂಟನ್ನು ಒಂಬತ್ತೂ ಕಾಲರಿಂದ ಭಾಗಿಸಿದರೆ ಎಂಬತ್ತಾರು. ಮಂದ ಅಲ್ಲ. ಧಾರವಾಡಕ್ಕೆ ಹೋಗುವಷ್ಟೂ ಅಲ್ಲ. ಎಮ್ಮೆಗೆ ಅಂಕ ಹಾಕಿದ್ದರೆ ಎಷ್ಟಾಗುತ್ತಿತ್ತೋ. ಎಲ್ಲಾ ಹೆಣ್ಣುಹುಡುಗ್ರನ್ನೂ ಹಂಗ ಎಂದಿದ್ದಳು ಮುದುಕಿ. ಸರಾಸರಿಯಲ್ಲಿ ಸರಿಹೋಗುವುದಿಲ್ಲ ಹಾಗಾದರೆ. ಕುತ್ತಿಗೆಗಳೆಲ್ಲ ಒಂದೇ ಕಡೆಗೆ ವಾಲಿವೆ. ಹಾನಗಲ್ಲಿನಲ್ಲಿ, ಶಿಗ್ಗಾವಿಯಲ್ಲಿ, ಹಿರೇಕೆರೂರಿನ ಕೆರೆಯಾಚೆಯ ಶಾಲೆಯಲ್ಲಿ ಸಾಲಾಗಿ ನಿಂತ ಹುಡುಗಿಯರು ಹೆಗಲಿಗೆ ತಲೆ ವಾಲಿಸಿ ಕಿವಿ ಮುಟ್ಟುತ್ತಿರುವುದು ಅವಳಿಗೆ ಕಂಡಿತು. ಗೋಡೆ ನೋಡುತ್ತಿರುವ ಮಾಸ್ತರರು ಕಂಡರು. ಅವರ ಹಿಂದೆ, ದಶಾಂಶದ ಎರಡನೆಯ ಸ್ಥಾನಕ್ಕೆ ಕಣ್ಣು ಕಿರಿದು ಮಾಡಿಕೊಂಡ, ಬಳೆ ತೊಟ್ಟ ಒಂದು ಕೈ ಕಂಡಿತು. ಇನ್ನೊಮ್ಮೆ ನೋಡು ಎಂದಿದ್ದ. ಭಾಗಾಕಾರ ನೋಡು ಎಂದಿರಲಿಲ್ಲ. ಅವಳಿಗೆ ನೋಡಲು ಬರುತ್ತಿದ್ದದ್ದು ಭಾಗಾಕಾರ ಮಾತ್ರ.

ಒಬ್ಬಳ ಅಂಕವನ್ನು ತಿದ್ದಿ ಉಳಿದದ್ದನ್ನು ಹಾಗೇ ಕೊಡಬಹುದು. ಯಾರಿಗೂ ತಿಳಿಯುವುದಿಲ್ಲ. ಚನ್ನವೀರಪ್ಪನ ಹೆಸರು ಕೆಳಗೆ ಇರುತ್ತದೆ, ಧಾರವಾಡದಲ್ಲಿ ಯಾರಾದರೂ ಓದಿ ಪಾಪ, ಒಳ್ಳೆಯ ಕೆಲಸ ಮಾಡಿ ಹೋದ ಎನ್ನುತ್ತಾರೆ. ಅವನಿಂದ ಉಳಿದದ್ದು ಅದೊಂದೇ, ಮಗುವೂ ಇಲ್ಲ. ಆದರೆ ಉಳಿದ ಹುಡುಗಿಯರಿಗೂ ಎಲ್ಲೆಲ್ಲೋ ಸೋದರತ್ತೆಯರಿದ್ದಾರೆ. ನಾಳೆ ಬೆಳಿಗ್ಗೆ ಮಜೀದ ಬರುವ ಮುಂಚೆ ಯಾದಿಯ ನೆತ್ತಿಯ ಮೇಲೆ ತನ್ನ ದುಂಡಕ್ಷರದಲ್ಲಿ ಒಂದು ಸಾಲು ಬರೆಯಬೇಕು: ಪಟದಲ್ಲಿರುವ ವಯಸ್ಸು ಮಕ್ಕಳ ವಯಸ್ಸಲ್ಲ, ಈ ಅಂಕಗಳಿಂದ ಯಾವ ಮಗುವಿನ ವಿಷಯದಲ್ಲೂ ಏನನ್ನೂ ತೀರ್ಮಾನಿಸಬಾರದು. ಆಮೇಲೆ ಹೊಸ ಸಾಹೇಬರು ಓದಿ ನಗುತ್ತಾರೆ. ವಯಸ್ಸೇ ಗೊತ್ತಿಲ್ಲದೆ ವರ್ಷಗಟ್ಟಲೆ ಸೈಕಲ್ ತುಳಿದ ಮನುಷ್ಯ ಎಂದು ಕಚೇರಿಯಲ್ಲಿ ಕಥೆಯಾಗುತ್ತದೆ. ಮಕ್ಕಳ ಹೆಸರು ತೆಗೆಯಲು ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ; ಇವನ ಹೆಸರೂ ಉಳಿಯುವುದಿಲ್ಲ. ಎರಡನೆಯ ಸಲ ಮಣ್ಣು ಮಾಡಿದ ಹಾಗೆ. ಈ ಸಲ ಮಣ್ಣು ಹಾಕುವ ಕೈ ತನ್ನದು. ಹೆಂಗಸರು ಗೋರಿಯ ತನಕ ಹೋಗುವುದಿಲ್ಲವೆಂದು ಆ ದಿನ ಅವಳನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದ್ದರು.

"ಯಾಕವ್ವಾ, ಎದಿ ಹಿಡಕೊಂಡ್ತೇನ?" ಎಂದಳು ಫಕ್ಕೀರವ್ವ.

"ಇಲ್ಲ." ಅವಳು ಬಾಯಿ ತೆರೆದಳು. ಎಪ್ಪತ್ತೆರಡು ಎಂದರೆ ನೀವು ತಿಳಿದದ್ದಲ್ಲ ಎನ್ನಬೇಕಿತ್ತು. "ಲೆಕ್ಕದಾಗ ತಪ್ಪಾಗಿತ್ರಿ" ಎಂದಳು. "ಇವರಿಗೆ ಸಂಶೆ ಇತ್ತು. ನಾನ ನೋಡಿರ್ಲಿಲ್ಲ. ಮಾದೇವಿಗೆ ಬಂದದ್ದು ಎಪ್ಪತ್ತೆರಡಲ್ಲ."

ಮುದುಕಿಯ ಮುಖ ಒಮ್ಮೆಗೇ ಸಣ್ಣದಾಯಿತು. ಕಂಬದ ಹತ್ತಿರ ಹುಡುಗಿ ಉಗುರು ಕಚ್ಚುವುದನ್ನು ನಿಲ್ಲಿಸಿದಳು.

"ಎಷ್ಟ ಮತ್ತ?"

"ಎಂಬತ್ತಾರು."

"ಎಂಬತ್ತಾರು!" ಫಕ್ಕೀರವ್ವ ಎದ್ದೇಬಿಟ್ಟಳು. "ಕೇಳಿದ್ಯಾ ಹುಡುಗಿ? ಎಂಬತ್ತಾರಂತ! ಆ ರಟ್ಟೀಹಳ್ಳಿಯಾಕಿ ಬರಲಿ ಈಗ!" ಮೂಲೆಯ ಡಬ್ಬಿಯಿಂದ ಸಕ್ಕರೆ ತೆಗೆದು ಮುಷ್ಟಿ ಹಿಡಿದು ಬಂದವಳು ಎದುರಿಗೆ ಬಂದಾಗ ನಿಂತಳು. ಖಾಲಿ ಹಣೆ, ಖಾಲಿ ಕೈ. ಸಾವಿನ ಮನೆಯವಳ ಬಾಯಿಗೆ ಸಕ್ಕರೆ ಹಾಕಬಹುದೋ ಬಾರದೋ, ಹಾಕಿದರೆ ಯಾರಿಗೆ ಕೇಡು ಎಂದು ಮುದುಕಿಗೆ ತೋಚಲಿಲ್ಲ. ಮುಷ್ಟಿ ಗಾಳಿಯಲ್ಲೇ ಉಳಿಯಿತು. ಬೆಳಿಗ್ಗೆ ಕಂಡಕ್ಟರು ಅಡ್ಡ ಹಿಡಿದ ಕೈಯೂ ಹೀಗೇ ಇತ್ತು. ಸರೋಜವ್ವ ಚಿಕ್ಕ ಮಗುವಿನ ಹಾಗೆ ಮುಖ ಎತ್ತಿ ಬಾಯಿ ತೆರೆದಳು.

ಸಕ್ಕರೆ ನಾಲಗೆಯ ಮೇಲೆ ಬಿತ್ತು. ಮಾತಾಡಲಾಗಲಿಲ್ಲ. ಬಾಯಾಗ ಸಕ್ರಿ ಇತ್ತು ಎಂದು ಅವನು ಹೇಳಿದಾಗ ಅದನ್ನು ಜಾಣತನದ ಉತ್ತರ ಎಂದುಕೊಂಡಿದ್ದಳು. ಅದು ಉತ್ತರವೇ ಆಗಿರಲಿಲ್ಲ. ನಡೆದದ್ದನ್ನು ಹೇಳಿದ್ದ, ಅಷ್ಟೇ. ಕರಗುವವರೆಗೂ ಅವಳು ಕಾದಳು.

ಆಮೇಲೆ ಮಣೆಯನ್ನು ಎರಡೂ ಕೈಯಿಂದ ಎತ್ತಿ, ಎದುರಿಗೆ ಬಂದು ಕುಳಿತ ಮುದುಕಿಯ ಮಡಿಲಲ್ಲಿ ಇಟ್ಟಳು. "ತಡಾ ಆತು" ಎಂದಳು. ಮಣೆಯ ಮೇಲೆ ಕರವಸ್ತ್ರದ ಗಂಟು ಇತ್ತು. ಬೀಜ ಅವರದು, ವಸ್ತ್ರ ತನ್ನದು, ಬಿಚ್ಚಿ ಕೊಡಬೇಕು. ಅವಳು ಗಂಟಿಗೆ ಬೆರಳು ಹಾಕಿದಳು. ಶ್ರಾವಣದಲ್ಲಿ ಎಲ್ಲೋ ದಾರಿಯಲ್ಲಿ ನೆನೆದು, ಪೆಟ್ಟಿಗೆಯಲ್ಲಿ ಒಣಗಿ, ಗಂಟು ಕಲ್ಲಾಗಿತ್ತು. ಅವನು ಯಾವಾಗಲೂ ಹೀಗೇ ಕಟ್ಟುತ್ತಿದ್ದ, ಎರಡು ಸುತ್ತು ಹಾಕಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ; ಬುತ್ತಿಯ ಗಂಟು ಬಿಚ್ಚಲಾರದೆ ಮಾಸ್ತರರು ಪರದಾಡಿದ್ದನ್ನು ಹೇಳಿ ನಗುತ್ತಿದ್ದ. ಅವನ ಕೈ ಕಟ್ಟಿದ್ದು ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಹೊದಿಕೆಯನ್ನು ಒಗೆದಿದ್ದರು, ಅಂಗಿಗಳನ್ನು ಕೊಟ್ಟುಬಿಟ್ಟಿದ್ದರು. ಅವಳ ಬೆರಳು ಗಂಟಿನ ಮೇಲೆ ಜಾರಿತು. ಇನ್ನೊಮ್ಮೆ ಜಾರಿತು. ಬಿಚ್ಚುತ್ತಿದ್ದಾಳೋ, ಹಿಡಿದುಕೊಂಡಿದ್ದಾಳೋ ಅವಳಿಗೇ ಗೊತ್ತಾಗಲಿಲ್ಲ.

ಮಾದೇವಿ ಕಂಬ ಬಿಟ್ಟು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿದಳು.

"ನೀವು ಜಗ್ಗಾಕತ್ತೀರಿ" ಎಂದಳು. "ಜಗ್ಗಿದ್ರ ಇನ್ನೂ ಬಿಗೀತೈತಿ. ಎಮ್ಮಿ ಹಗ್ಗಾನೂ ಹಂಗ. ಕೊಡ್ರಿ ಇಲ್ಲೆ."

ಸರೋಜವ್ವ ಕೊಡಲಿಲ್ಲ. ಹುಡುಗಿ ಮತ್ತೆ ಕೇಳಲೂ ಇಲ್ಲ. ಉದ್ದನೆಯ ಕೈ ಚಾಚಿ, ಗಂಟನ್ನು ಅವಳ ಅಂಗೈಯಲ್ಲೇ ಇಟ್ಟು, ತಲೆಯನ್ನು ಹೆಗಲಿಗೆ ವಾಲಿಸಿ, ಒಂದು ಎಳೆಯನ್ನು ಹಲ್ಲಿನಿಂದ ಹಿಡಿದು ಸಡಿಲಿಸಿದಳು. ಗಂಟು ಬಿಚ್ಚಿತು. ಹುಣಸೆಬೀಜಗಳು ಅಂಗೈ ತುಂಬಿ, ಬೆರಳ ಸಂದಿಯಿಂದ ಜಾರಿ, ಮಣೆಯ ಗುಳಿಗಳಲ್ಲಿ ಒಂದೊಂದಾಗಿ ಬಿದ್ದವು. ಹುಡುಗಿ ಚೆದುರಿದವುಗಳನ್ನು ಬಳಿದು ಗುಳಿಗಳಿಗೆ ಹಂಚತೊಡಗಿದಳು. ಸರೋಜವ್ವನ ಮಡಿಲಲ್ಲಿ ಕರವಸ್ತ್ರ ಉಳಿಯಿತು. ಗಂಟಿದ್ದ ಜಾಗದಲ್ಲಿ ಬಟ್ಟೆ ಮುದುರಿಕೊಂಡು ಹಾಗೇ ನಿಂತಿತ್ತು. ಅದನ್ನು ಅವಳು ಮುಖಕ್ಕೆ ಒತ್ತಿಕೊಂಡಳು.

"ಆಯೀ, ಅಳಾಕತ್ತಾರ" ಎಂದು ಹುಡುಗಿ ಪಿಸುಗುಟ್ಟಿದಳು.

"ಅಳಲಿ ಬಿಡು" ಎಂದಳು ಫಕ್ಕೀರವ್ವ. "ನೀ ಬೀಜಾ ಹಾಕು."